ಕಾಂಟ್ರಾ ಏಳನೇ ಸ್ಟೇಜ್‌ನಲ್ಲಿ ಕರೆಂಟ್ ಹೋಯ್ತು

ಮೂರೇ_ಲೈಫ್ (ಬಳ್ಳಾರಿ)

ಮೊನ್ನೆ ಅಟ್ಟ ಖಾಲಿ ಮಾಡುವಾಗ ನನ್ನ ಹಳೇ ಟಿವಿ ಗೇಮ್ ಸಿಕ್ಕಿತು. ಒಂದು ಜಾಯ್‌ಸ್ಟಿಕ್‌ನ ವೈರ್ ಇಲಿ ಕಡಿದಿದೆ. ಕ್ಯಾಸೆಟ್ ಮೇಲೆ ‘9999999 ಇನ್ 1’ ಅಂತ ಬರೆದದ್ದು ಈಗಲೂ ಕಾಣುತ್ತದೆ. ಒಳಗಿದ್ದದ್ದು ಹತ್ತೋ ಹದಿನೈದೋ ಗೇಮ್. ಅವಕ್ಕೇ ಹೆಸರು ಬದಲಿಸಿ, ಬೇರೆ ಬೇರೆ ಸ್ಟೇಜ್‌ನಿಂದ ಶುರು ಮಾಡಿಸಿ, ಮುಗಿಯದಷ್ಟು ಉದ್ದದ ಪಟ್ಟಿ ಮಾಡಿ ಯಾಮಾರಿಸಿದ್ದರು. ನಾವೋ, ಐದು ಸಾವಿರದ ಆಚೆ ಏನೋ ಹೊಸದು ಇದ್ದೇ ಇರುತ್ತದೆ ಅಂತ ಪುಟ ತಿರುಗಿಸುತ್ತಾ ಕೂತಿದ್ದೆವು.

ಅದನ್ನು ಕೈಯಲ್ಲಿ ಹಿಡಿದಾಗಿನಿಂದ ತಲೆಯಲ್ಲಿ ಓಡುತ್ತಿರುವ ಮಾತುಗಳನ್ನು ಇಲ್ಲಿ ಹಾಕುತ್ತಿದ್ದೇನೆ. 1995ರಿಂದ ಆಡುತ್ತಿದ್ದೇನೆ. ತಜ್ಞ ಅಲ್ಲ, ಆಡಿ ಆಡಿ ಹೆಬ್ಬೆರಳು ಸವೆದವನು ಅಷ್ಟೇ.

ನಮ್ಮ ಕಡೆ ಅದನ್ನು ಬರೀ ‘ಟಿವಿ ಗೇಮ್’ ಅನ್ನುತ್ತಿದ್ದೆವು. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನ್‌ನಲ್ಲಿ ಬಿಟ್ಟ ಫ್ಯಾಮಿಕಾಮ್ ಗೇಮ್ ಯಂತ್ರದ ನಕಲು ಡಬ್ಬಿ ಅದು ಅಂತ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಗೇಮ್ ಓಡದಿದ್ದರೆ ಕ್ಯಾಸೆಟ್ ತೆಗೆದು ಫೂ ಅಂತ ಊದುವುದು ನಮ್ಮ ರಿಪೇರಿ. ಊದಬೇಡಿ ಅಂತ ನಿಂಟೆಂಡೊದವರೇ ಹೇಳಿದ್ದಾರಂತೆ, ಬಾಯಿಯ ತೇವಕ್ಕೆ ಪಿನ್ ಹಾಳಾಗುತ್ತದೆ ಅಂತ. ನಿಜವಾಗಿ ಕೆಲಸ ಮಾಡುತ್ತಿದ್ದದ್ದು ತೆಗೆದು ಮತ್ತೆ ಒತ್ತಿ ಕೂರಿಸುವುದು. ಆದರೆ ಬಳ್ಳಾರಿಯ ಧೂಳಿನಲ್ಲಿ ಊದದೇ ಇರಲು ಯಾರಿಗೆ ಸಾಧ್ಯ ಹೇಳಿ.

ಈಗ ಕಾಂಟ್ರಾ ಕಥೆ. ಇಬ್ಬರು ಕೂಡಿ ಬಂದೂಕು ಹಿಡಿದು ಓಡುವ ಗೇಮ್ ಅದು. ಎಂಟು ಸ್ಟೇಜ್, ಮೂರು ಲೈಫ್. ಸೇವ್ ಮಾಡುವ ಮಾತೇ ಇಲ್ಲ. ಏಪ್ರಿಲ್ ರಜೆ, ಹೊರಗೆ 42 ಡಿಗ್ರಿ. ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ಕೆಲವೊಮ್ಮೆ ಒಂದೂವರೆಗೇ ಹೋಗುತ್ತದೆ ಅಂತಲೂ ಗೊತ್ತು. ಊಟ ನುಂಗಿ ಹನ್ನೆರಡೂವರೆಗೆ ಕೂರುತ್ತಿದ್ದೆವು. ಅಡಾಪ್ಟರ್ ಪಿನ್ ಸಡಿಲ, ಚೂರು ಅಲ್ಲಾಡಿದರೂ ಮತ್ತೆ ಮೊದಲಿಂದ. ಹಾಗಾಗಿ ಅದನ್ನು ಹಿಡಿದುಕೊಂಡು ಕೂರುವುದು ತಂಗಿಯ ಕೆಲಸ. ನಾನೂ ಅಣ್ಣನೂ ಆಡುವವರು.

ಮೂರನೇ ಸ್ಟೇಜ್ ಜಲಪಾತ ನೆನಪಿದೆಯಾ? ಒಬ್ಬ ಬೇಗ ಹತ್ತಿದರೆ ಸ್ಕ್ರೀನ್ ಮೇಲೆ ಜರುಗಿ ಕೆಳಗಿದ್ದವನು ಸಾಯುತ್ತಾನೆ. ಅಣ್ಣ ಬೇಕಂತಲೇ ಹತ್ತುತ್ತಿದ್ದ. ಅವನ ಲೈಫ್ ಮುಗಿದರೆ ನನ್ನದನ್ನು ಕದ್ದು ಬದುಕುತ್ತಿದ್ದ, ಗೇಮ್‌ನಲ್ಲೇ ಆ ಅನುಕೂಲ ಇತ್ತು. ಕೂಡಿ ಆಡುವ ಗೇಮ್ ಅಂತಾರೆ. ನನಗೆ ಮಾತ್ರ ಆಸ್ತಿ ಪಾಲಿನ ಮೊದಲ ಪಾಠ ಅಲ್ಲೇ ಆಯಿತು.

ಹೀಗೆಲ್ಲಾ ದಾಟಿ ಏಳನೇ ಸ್ಟೇಜ್‌ಗೆ ಬಂದಾಗ ಕರೆಂಟ್ ಹೋಯ್ತು. ಫ್ಯಾನ್ ನಿಧಾನಕ್ಕೆ ನಿಂತಿತು. ಟಿವಿ ಥಟ್ ಅಂತ ಆರಿ ನಡುವೆ ಒಂದು ಬಿಳಿ ಚುಕ್ಕೆ ಉಳಿಯಿತು. ಆ ಚುಕ್ಕೆಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ಈಗ ನನ್ನ ವಾದ. ಬೈಯಿರಿ, ಪರವಾಗಿಲ್ಲ. ಒಳ್ಳೆ ಗೇಮ್ ಅಂದರೆ ಮುಗಿಯುವ ಗೇಮ್. ಇವತ್ತಿನ ಮೊಬೈಲ್ ಗೇಮ್‌ಗಳು ಮುಗಿಯುವುದೇ ಇಲ್ಲ. ದಿನಾ ಬಾ, ಏಳು ದಿನ ಬಂದರೆ ಪೆಟ್ಟಿಗೆ ಕೊಡ್ತೀನಿ, ಒಂದು ದಿನ ತಪ್ಪಿದರೆ ಇಲ್ಲ. ಇದು ಆಟನಾ, ಹಾಜರಿ ಪುಸ್ತಕನಾ? ನಮ್ಮ ಕಾಲದಲ್ಲಿ ಗೇಮ್ ನಮ್ಮನ್ನು ಹೊಡೆದು ಹೊರಗೆ ಹಾಕುತ್ತಿತ್ತು. ಈಗಿನದು ಕೈ ಹಿಡಿದು ಬಿಡುವುದೇ ಇಲ್ಲ.

ಮಿರ್ಚಿ_ಒಗ್ಗರಣೆ (ರಾಯಚೂರು)

ಬಳ್ಳಾರಿಯವರು ಕರೆಂಟ್ ಬಗ್ಗೆ ಅಳಬೇಡಿ. ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಎಂಟು ಘಟಕ, 1720 ಮೆಗಾವಾಟ್. ಚಿಮಣಿ ಹೊಗೆ ನಮಗೆ, ಕರೆಂಟ್ ಊರವರಿಗೆಲ್ಲಾ. ಚಿಕ್ಕವನಿದ್ದಾಗ ಮಾರಿಯೋ ಗೇಮ್‌ನ 4-2 ಸ್ಟೇಜ್‌ನಲ್ಲಿ ಬಳ್ಳಿ ಹತ್ತಿ ನೇರ 8ನೇ ಲೋಕಕ್ಕೆ ಹಾರುವ ದಾರಿ ಕಲಿತದ್ದೇ ಕರೆಂಟ್ ಕಟ್ ದೆಸೆಯಿಂದ. ಸುತ್ತು ದಾರಿ ಹಿಡಿದರೆ ರಾಜಕುಮಾರಿ ಸಿಗುವ ಮೊದಲು ಲೈಟ್ ಹೋಗುತ್ತಿತ್ತು.

ಲ್ಯಾನ್_ಅಣ್ಣ (ಬಳ್ಳಾರಿ)

2004ರಿಂದ 2012ರ ತನಕ ಎಂಟು ಕಂಪ್ಯೂಟರ್ ಇಟ್ಟು ಸೈಬರ್ ಕೆಫೆ ನಡೆಸಿದವನು ನಾನು. ಗಂಟೆಗೆ ಇಪ್ಪತ್ತು ರೂಪಾಯಿ. ಬೋರ್ಡ್ ಮೇಲೆ ‘ಇಂಟರ್ನೆಟ್, ಜೆರಾಕ್ಸ್, ಲ್ಯಾಮಿನೇಷನ್’ ಅಂತ ಇತ್ತು. ಹೊಟ್ಟೆ ತುಂಬಿಸಿದ್ದು ಮಾತ್ರ ಕೌಂಟರ್ ಸ್ಟ್ರೈಕ್ 1.6 ಅನ್ನುವ ಬಂದೂಕಿನ ಗೇಮ್.

ಅದರ ಚಂದ ಏನು ಗೊತ್ತಾ? ಇಂಟರ್ನೆಟ್ ಬೇಕಾಗಿರಲಿಲ್ಲ. ಎಂಟು ಮಷೀನ್‌ಗೆ ಒಂದು ಸ್ವಿಚ್ ಡಬ್ಬಿ, ನಾಲ್ಕು ವೈರ್, ಮುಗೀತು. ಫೋನ್ ಲೈನ್ ಸತ್ತರೂ ಗಿರಾಕಿ ಏಳುತ್ತಿರಲಿಲ್ಲ. ಆ ಕಡೆಯವನು ಹೆಡ್‌ಶಾಟ್ ಹೊಡೆದರೆ ಈ ಕಡೆಯವನು ಎದ್ದು ಹೋಗಿ ಬೆನ್ನಿಗೆ ಗುದ್ದುತ್ತಿದ್ದ. ಈಗಿನ ಆನ್‌ಲೈನ್‌ನಲ್ಲಿ ಅದೊಂದು ಸೌಲಭ್ಯ ಇಲ್ಲ.

ಗಣಿ ಜೋರಾಗಿದ್ದ ಕಾಲ. ಲಾರಿ ಕ್ಲೀನರ್ ಹುಡುಗನೂ ಲಾರಿ ಓನರ್ ಮಗನೂ ಪಕ್ಕಪಕ್ಕ ಕೂತು ಅದರ ಡಸ್ಟ್ ಟು ಮ್ಯಾಪ್ ಆಡುತ್ತಿದ್ದರು. ಕೀಬೋರ್ಡ್ ತಲೆಕೆಳಗು ಮಾಡಿ ತಟ್ಟಿದರೆ ಕೆಂಪು ಪುಡಿ ಉದುರುತ್ತಿತ್ತು. ವಾರಕ್ಕೊಮ್ಮೆ ಸಿಪಿಯು ಬಿಚ್ಚಿ ಬ್ರಷ್ ಹಾಕದಿದ್ದರೆ ಫ್ಯಾನ್ ಅದಿರಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು. ನನ್ನ ಅಂಗಡಿ ಅದಾಗಿ ಒಂದು ವರ್ಷಕ್ಕೆ ನಿಂತಿತು. ಅದೇ ಕಾರಣ ಅನ್ನಲ್ಲ, ಆಗಲೇ ಎಲ್ಲರ ಕೈಗೂ ಫೋನ್ ಬರುತ್ತಿತ್ತು. ಆದರೆ ಸಂಜೆ ಹೊತ್ತಿಗೆ ಎಣಿಸುತ್ತಿದ್ದ ಚಿಲ್ಲರೆ ಆ ವರ್ಷ ಅರ್ಧ ಆಯಿತು.

ಯುಪಿಎಸ್ ಬಗ್ಗೆ ಕೇಳಬೇಡಿ. ಗೇಮ್‌ನಲ್ಲಿ ಬಾಂಬ್ ಇಟ್ಟರೆ ಸಿಡಿಯಲು 45 ಸೆಕೆಂಡ್. ನನ್ನ ಯುಪಿಎಸ್ ಸಾಯಲು 40.

ಮೂರೇ_ಲೈಫ್ ಸಾಹೇಬರಿಗೆ ಒಂದೇ ಪ್ರಶ್ನೆ. ಮುಗಿಯುವ ಗೇಮೇ ಒಳ್ಳೆಯದು ಅಂತೀರಲ್ಲ, ಡಸ್ಟ್ ಟು ಯಾವಾಗ ಮುಗೀತು? ಎಂಟು ವರ್ಷ ಅದೇ ಮ್ಯಾಪ್ ಆಡಿದರು. ಕ್ರಿಕೆಟ್ ಯಾವಾಗ ಮುಗೀತು?

ಮೂರೇ_ಲೈಫ್ (ಬಳ್ಳಾರಿ)

ಅಣ್ಣಾ, ಇದಕ್ಕೆ ಉತ್ತರ ಹುಡುಕಲು ಒಂದು ಚಹಾ ಬೇಕಾಯಿತು.

ಸರಿ, ಮಾತು ತಿದ್ದಿಕೊಳ್ತೀನಿ. ಡಸ್ಟ್ ಟು ಮುಗಿಯಲಿಲ್ಲ, ಆದರೆ ಒಂದು ಗಂಟೆ ಮುಗಿಯುತ್ತಿತ್ತು. ನೀವು ‘ಟೈಮ್ ಆಯ್ತು’ ಅಂತ ಕೂಗುತ್ತಿದ್ದಿರಿ. ಹದಿನೈದು ದಿನ ಬಿಟ್ಟು ಬಂದರೂ ಅದೇ ಬಂದೂಕು, ಗೇಮ್ ಕೊಡುವ ಅದೇ 800 ಡಾಲರ್‌ನಿಂದ ಶುರು. ನಾನು ಬರದೇ ಇದ್ದದ್ದಕ್ಕೆ ಗೇಮ್ ಮುನಿಸಿಕೊಳ್ಳುತ್ತಿರಲಿಲ್ಲ. ನನ್ನ ಸಿಟ್ಟು ಆ ಮುನಿಸಿನ ಮೇಲೆ.

ಗಂಗಾವತಿ_ಎಕ್ಸ್‌ಪ್ರೆಸ್ (ಕೊಪ್ಪಳ ಜಿಲ್ಲೆ)

ಅಂಕಲ್‌ಗಳೇ ನಮಸ್ಕಾರ. ನಾನು 2004ರಲ್ಲಿ ಹುಟ್ಟಿದವನು. ನಿಮ್ಮ ಡಬ್ಬಿ ನೋಡಿಲ್ಲ. ನಾನು ಮೊದಲು ಆಡಿದ್ದೇ ಪಬ್‌ಜಿ ಮೊಬೈಲ್, ಎಂಟನೇ ಕ್ಲಾಸ್‌ನಲ್ಲಿ, ಅಪ್ಪನ ಫೋನ್‌ನಲ್ಲಿ, ರೈಸ್ ಮಿಲ್ ಗೋಡೆಗೆ ಒರಗಿ. ಅಲ್ಲಿ ಮಾತ್ರ ಸಿಗ್ನಲ್ ಬರುತ್ತಿತ್ತು.

ನಮ್ಮ ಗೇಮ್ ಮುಗಿಯಲ್ಲ ಅಂತೀರಾ? ನಮ್ಮದು ಮುಗಿದಷ್ಟು ಯಾರದ್ದೂ ಮುಗಿದಿಲ್ಲ. 2020ರ ಸೆಪ್ಟೆಂಬರ್ 2ಕ್ಕೆ ಸರ್ಕಾರ 118 ಆ್ಯಪ್ ನಿಷೇಧ ಮಾಡಿತು, ಪಬ್‌ಜಿ ಹೋಯಿತು. ಫ್ರೀ ಫೈರ್‌ಗೆ ಹೋದೆವು. 2022ರ ಫೆಬ್ರವರಿಯಲ್ಲಿ ಅದೂ ನಿಷೇಧ. ನಡುವೆ 2021ರ ಜುಲೈಗೆ ಪಬ್‌ಜಿಯ ಭಾರತದ ಅವತಾರ ಬಿಜಿಎಂಐ ಬಂತು, ಮುಂದಿನ ಜುಲೈಗೆ ಅದನ್ನೂ ತೆಗೆದರು, 2023ರ ಮೇನಲ್ಲಿ ಮತ್ತೆ ಬಿಟ್ಟರು. ನಿಮಗೆ ಎರಡು ಗಂಟೆಗೆ ಕರೆಂಟ್ ಹೋಗುತ್ತಿತ್ತು. ನಮಗೆ ದೆಹಲಿಯಿಂದ ಹೋಗುತ್ತಿತ್ತು.

ಇನ್ನೊಂದು ವಿಷಯ. ನಮ್ಮ ಸ್ಕ್ವಾಡ್‌ನಲ್ಲಿ ನಾಲ್ಕು ಜನ. ನಾನು, ಸಿಂಧನೂರಿನವನು ಒಬ್ಬ, ಸಿರುಗುಪ್ಪದವನು ಒಬ್ಬ, ಬಳ್ಳಾರಿ ಕೌಲ್‌ಬಜಾರ್‌ನವನು ಒಬ್ಬ. ಒಬ್ಬ ‘ಎಡಕ್ಕೆ’ ಅಂತಾನೆ, ಒಬ್ಬ ತೆಲುಗಿನಲ್ಲಿ ‘ಎಡಮ’, ಇನ್ನೊಬ್ಬ ‘ಪೀಛೇ ದೇಖ್’. ಮೂರು ಭಾಷೆಯಲ್ಲಿ ಒಂದೇ ಸಲ ಸಾಯ್ತೀವಿ. ಮೂರು ವರ್ಷ ಆಡಿದ ಮೇಲೆ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಾಲ್ಕೂ ಜನ ಮೊದಲ ಸಲ ಮುಖ ನೋಡಿದೆವು. ದಾಸೋಹದ ಸಾಲಿನಲ್ಲಿ ನಿಂತು ಸೌಂಡ್ ಕೇಳಿಯೇ ಗುರುತು ಹಿಡಿದದ್ದು. ನಿಮ್ಮ ಎಂಟು ಮಷೀನ್ ಕೆಫೆಗಿಂತ ಇದು ಕಡಿಮೆನಾ?

ಲ್ಯಾನ್_ಅಣ್ಣ (ಬಳ್ಳಾರಿ)

ಕಡಿಮೆ ಅಲ್ಲಪ್ಪ. ಗುದ್ದೋಕೆ ಆಗಲ್ಲ, ಅಷ್ಟೇ.

ಕಿನ್ನಾಳ_ಗೊಂಬೆ (ಕೊಪ್ಪಳ)

ನಾನು ಹೈಸ್ಕೂಲ್ ಮೇಷ್ಟ್ರು. ಗೇಮ್ ಆಡುವ ಮೇಷ್ಟ್ರು ಅಂತ ಸಹೋದ್ಯೋಗಿಗಳಿಗೆ ಗೊತ್ತಾಗಬಾರದು, ಹಾಗಾಗಿ ಈ ಹೆಸರು.

ನಮ್ಮ ಕಡೆ ‘ಹುಡುಗ ಗೇಮ್ ಆಡಿ ಹಾಳಾದ’ ಅನ್ನುತ್ತಾರೆ. ವಿಚಾರಿಸಿದರೆ ಅವನು ಆಡಿದ್ದು ಆನ್‌ಲೈನ್ ರಮ್ಮಿ. ದುಡ್ಡು ಕಟ್ಟಿ ಎಲೆ ಹಾಕುವುದು ಇಸ್ಪೀಟು, ಅದು ಫೋನ್‌ಗೆ ಬಂದ ಮಾತ್ರಕ್ಕೆ ವಿಡಿಯೋ ಗೇಮ್ ಆಗಲ್ಲ. ನಮ್ಮ ರಾಜ್ಯ 2021ರಲ್ಲಿ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟ ನಿಷೇಧಿಸಿ ಕಾನೂನು ಮಾಡಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಭಾಗ ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ತಂದಿತು. ಅದರಲ್ಲಿ ದುಡ್ಡಿನ ಆಟ ಬೇರೆ, ಇ-ಸ್ಪೋರ್ಟ್ಸ್ (ಸ್ಪರ್ಧೆಗೆ ಆಡುವ ವಿಡಿಯೋ ಗೇಮ್) ಬೇರೆ ಅಂತ ಗೆರೆ ಎಳೆದಿದ್ದಾರೆ. ಆ ಗೆರೆ ಕಟ್ಟೆ ಮೇಲೆ ಕೂತವರಿಗೆ ಇನ್ನೂ ಮುಟ್ಟಿಲ್ಲ.

ಅಂದ ಮಾತ್ರಕ್ಕೆ ವಿಡಿಯೋ ಗೇಮ್ ಸಾಧು ಅಂತಲೂ ಅಲ್ಲ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಗೆ ಸೇರಿಸಿದೆ. ನಿಮ್ಹಾನ್ಸ್‌ನಲ್ಲಿ 2014ರಿಂದ ಇಂಥ ಫೋನ್, ಗೇಮ್ ಚಟಗಳಿಗೇ ಒಂದು ಕ್ಲಿನಿಕ್ ಇದೆ. ನನ್ನ ಕ್ಲಾಸ್‌ನಲ್ಲೇ ಇಬ್ಬರು ರಾತ್ರಿ ಮೂರರ ತನಕ ಆಡಿ ಬಂದು ಮೊದಲ ಪೀರಿಯಡ್‌ನಲ್ಲಿ ನಿದ್ದೆ ಹೋಗುತ್ತಾರೆ. ಬೈಯಲು ಹೋದರೆ ನನಗೆ ನನ್ನದೇ ಕೆಂಪು ಕಣ್ಣು ನೆನಪಾಗುತ್ತದೆ. ಎಲ್ಡನ್ ರಿಂಗ್‌ನಲ್ಲಿ ಮೊದಲ ದೊಡ್ಡ ಬಾಸ್ (ದಾರಿಗೆ ಅಡ್ಡ ನಿಲ್ಲುವ ವೈರಿ) ಮಾರ್ಗಿಟ್‌ನನ್ನು ಹೊಡೆಯಲು ನನಗೆ ನಾಲ್ಕು ರಾತ್ರಿ ಹಿಡಿಯಿತು. ಆ ಗೇಮ್‌ನಲ್ಲಿ ಆಟ ತಡೆದು ನಿಲ್ಲಿಸುವ ಸರಿಯಾದ ಪಾಸ್ ಬಟನ್ ಕೂಡ ಇಲ್ಲ. ಮಗು ಅತ್ತಾಗ ಎದ್ದು ಹೋದೆ, ಬರುವಷ್ಟರಲ್ಲಿ ಸತ್ತಿದ್ದೆ. ಪಾಸ್ ಬಟನ್ ಇಲ್ಲದ ಗೇಮ್ ಮಾಡಿದವರಿಗೆ ಮನೆಯಲ್ಲಿ ಮಕ್ಕಳಿಲ್ಲ ಅನ್ನಿಸುತ್ತದೆ.

ಮಿರ್ಚಿ_ಒಗ್ಗರಣೆ (ರಾಯಚೂರು)

ಮೇಷ್ಟ್ರೇ, ಹೋಂವರ್ಕ್‌ಗೂ ಪಾಸ್ ಬಟನ್ ಇರಲಿಲ್ಲ.

ತೀನ್‌ಕಂದೀಲ್ (ರಾಯಚೂರು)

ಎಲ್ಲಾ ಓದಿದೆ. ನಗುವೂ ಬಂತು. ಆದರೆ ಒಂದು ಮಾತು ಗಂಟಲಲ್ಲೇ ಉಳಿದಿದೆ.

ನಾನು ರಾಯಚೂರಿನವಳು, ಹೆಚ್ಚುಕಡಿಮೆ ಮೂರೇ_ಲೈಫ್ ಅವರ ವಯಸ್ಸು. ನಮ್ಮ ಮನೆ ಹತ್ತಿರವೂ ಕೆಫೆ ಇತ್ತು. ಒಂದೇ ಒಂದು ಸಲ ಒಳಗೆ ಹೋಗಿದ್ದೇನೆ, ಸಿಇಟಿ ರಿಸಲ್ಟ್ ನೋಡಲು, ಅದೂ ಅಪ್ಪನ ಜೊತೆ. ಹುಡುಗರು ಕಿರುಚುತ್ತಿದ್ದದ್ದು ಏನು ಅಂತ ಬಾಗಿಲ ಕಿಂಡಿಯಲ್ಲಿ ನೋಡಿದ್ದು ಅಷ್ಟೇ. ಲ್ಯಾನ್_ಅಣ್ಣ, ನಿಮ್ಮ ಎಂಟು ಮಷೀನ್‌ನಲ್ಲಿ ಎಂಟು ವರ್ಷದಲ್ಲಿ ಎಷ್ಟು ಹುಡುಗಿಯರು ಡಸ್ಟ್ ಟು ಆಡಿದರು?

ನನಗೆ ಗೇಮ್ ಸಿಕ್ಕಿದ್ದು ಮೂವತ್ತು ದಾಟಿದ ಮೇಲೆ. 2016ರಲ್ಲಿ ಜಿಯೋ ಬಂತು, ಕೈಗೊಂದು ಫೋನ್ ಬಂತು. ಯಾರನ್ನೂ ಕೇಳಬೇಕಾಗಿರಲಿಲ್ಲ. ರಾತ್ರಿ ಪಾತ್ರೆ ತೊಳೆದ ಮೇಲೆ ಅರ್ಧ ಗಂಟೆ ನನ್ನದು. ನೀವೆಲ್ಲಾ ಬೈಯುವ ಆ ಮುಗಿಯದ ಮೊಬೈಲ್ ಗೇಮೇ ನನ್ನ ಮೊದಲ ಗೇಮ್. ಆಮೇಲೆ ದುಡ್ಡು ಕೂಡಿಸಿ ಹಳೇ ಪಿಎಸ್4 ಗೇಮ್ ಯಂತ್ರ ತಗೊಂಡೆ. ಅನ್‌ಚಾರ್ಟೆಡ್‌ನ ‘ಲಾಸ್ಟ್ ಲೆಗಸಿ’ ಆಡಿದೆ, 2017ರದ್ದು. ಪಶ್ಚಿಮ ಘಟ್ಟ, ಹೊಯ್ಸಳರ ಗುಡಿಗಳು, ಮಳೆ. ಇಬ್ಬರು ಹೆಂಗಸರು ಜೀಪ್ ಓಡಿಸಿಕೊಂಡು ಹೋಗುತ್ತಾರೆ. ಘಟ್ಟದಲ್ಲಿ ಅಷ್ಟು ದೊಡ್ಡ ಹೊಯ್ಸಳ ಪಟ್ಟಣ ಎಲ್ಲಿತ್ತು ಅಂತ ನಗು ಬಂತು, ಆದರೂ ಕಲ್ಲಿನ ಕೆತ್ತನೆ ಮುಂದೆ ಕ್ಯಾಮೆರಾ ತಿರುಗಿಸುತ್ತಾ ಸುಮ್ನೆ ಕೂತಿದ್ದೆ.

ಹೊಯ್ಸಳರಿಗೆ ಸಿಕ್ಕಿದ್ದು ನಮಗೆ ಯಾವಾಗ? 1520ರಲ್ಲಿ ಕೃಷ್ಣದೇವರಾಯ ನಮ್ಮ ಕೋಟೆಗೆ ಮುತ್ತಿಗೆ ಹಾಕಿದ. ಆದಿಲ್‌ಶಾಹಿ ಕಡೆ ಸಾಲು ಸಾಲು ಫಿರಂಗಿ, ಇವನ ಕಡೆ ಪೋರ್ಚುಗೀಸ್ ಬಂದೂಕಿನವರು, ನಡುವೆ ಕೃಷ್ಣಾ ನದಿ. ಇದಕ್ಕಿಂತ ಒಳ್ಳೆ ಮ್ಯಾಪ್ ಬೇಕಾ? ಏಜ್ ಆಫ್ ಎಂಪೈರ್ಸ್ ಗೇಮ್‌ನವರು 2022ರಲ್ಲಿ ‘ದ್ರಾವಿಡಿಯನ್ಸ್’ ಅಂತ ಸೇರಿಸಿ ಚೋಳರ ಕಥೆ ಕೊಟ್ಟರು. ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ದೋಆಬ್ ಹಾಗೇ ಉಳಿಯಿತು.

ಇರಲಿ. ಕೇಳಬೇಕಾದದ್ದು ಬೇರೆ. ಮೂರೇ_ಲೈಫ್ ಅವರೇ, ಅಡಾಪ್ಟರ್ ಪಿನ್ ಹಿಡಿದು ಕೂತಿದ್ದ ನಿಮ್ಮ ತಂಗಿ ಎಷ್ಟು ಸ್ಟೇಜ್ ಆಡಿದಳು?

ಲ್ಯಾನ್_ಅಣ್ಣ (ಬಳ್ಳಾರಿ)

ಒಬ್ಬಳೂ ಇಲ್ಲಮ್ಮ. ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಬರುತ್ತಿದ್ದರು, ಬಾಗಿಲಲ್ಲೇ ನಿಂತು ಪೆನ್‌ಡ್ರೈವ್ ಕೊಡುತ್ತಿದ್ದರು. ಆಗ ನನಗೆ ಅದು ಕಣ್ಣಿಗೆ ಬೀಳಲೇ ಇಲ್ಲ.

ಗಂಗಾವತಿ_ಎಕ್ಸ್‌ಪ್ರೆಸ್ (ಕೊಪ್ಪಳ ಜಿಲ್ಲೆ)

ಅಕ್ಕ ಹೇಳಿದ ಮ್ಯಾಪ್‌ಗೆ ನಾನು ರೆಡಿ. ಕಳೆದ ತಿಂಗಳು ಆನೆಗೊಂದಿಯಿಂದ ಹೊಳೆ ದಾಟಿ ಹಂಪಿಗೆ ಹೋಗಿದ್ದೆ. ಮಂಟಪದ ನೆಲದ ಮೇಲೆ ಹುಲಿಕಟ್ಟು ಆಟದ ಗೆರೆ ಕೆತ್ತಿದ್ದಾರೆ. ಯಾರೋ ಕಾವಲಿಗೆ ಕೂತವನು ಬೇಜಾರಾಗಿ ಕೆತ್ತಿರಬೇಕು. ಚಾರ್ಜ್ ಬೇಡ, ಅಪ್‌ಡೇಟ್ ಬೇಡ. ನಾನು, ನನ್ನ ಗೆಳೆಯ ಕಲ್ಲು ಆರಿಸಿ ಒಂದು ಆಟ ಆಡಿದೆವು. ಹುಲಿ ನಾನು. ಸೋತೆ.

ಮೂರೇ_ಲೈಫ್ (ಬಳ್ಳಾರಿ)

ತೀನ್‌ಕಂದೀಲ್ ಅವರ ಪ್ರಶ್ನೆ ಓದಿ ನಿನ್ನೆ ಏನೂ ಬರೆಯಲಿಲ್ಲ. ಉತ್ತರ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಇವತ್ತು ಬೆಳಿಗ್ಗೆ ತಂಗಿಗೆ ಫೋನ್ ಮಾಡಿದೆ. ಈಗ ಹುಬ್ಬಳ್ಳಿಯಲ್ಲಿದ್ದಾಳೆ.

‘ಪಿನ್ ಹಿಡ್ಕೊಂಡು ಕೂರ್ತಿದ್ದೆಯಲ್ಲ, ನಿನಗೂ ಆಡಬೇಕು ಅನ್ನಿಸ್ತಿತ್ತಾ?’ ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು ಜೋರಾಗಿ ನಕ್ಕಳು. ನಾನೂ ಅಣ್ಣನೂ ಸಂಜೆ ಲೆಕ್ಕದ ಟ್ಯೂಷನ್‌ಗೆ ಹೋಗುತ್ತಿದ್ದೆವು. ಐದರಿಂದ ಆರೂವರೆ. ಆ ಹೊತ್ತಿಗೆ ಕರೆಂಟ್ ಹೋಗುತ್ತಿರಲಿಲ್ಲ ಅನ್ನುವುದು ನಮಗೆ ಯಾವತ್ತೂ ಹೊಳೆದೇ ಇರಲಿಲ್ಲ.

ಅವಳಿಗೆ ಮೂವತ್ತು ಲೈಫ್ ಕೊಡುವ ಬಟನ್ ಕೋಡ್ ಕೂಡ ಗೊತ್ತಿತ್ತು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಅವಳ ಕ್ಲಾಸ್‌ನ ಹುಡುಗಿಯೊಬ್ಬಳು ಹೈದರಾಬಾದ್‌ನ ಸೋದರಮಾವನ ಮನೆಯಿಂದ ನೋಟ್‌ಬುಕ್ ಹಿಂದಿನ ಪುಟದಲ್ಲಿ ಬರೆದು ತಂದಿದ್ದಳಂತೆ. ನಮಗೆ ಹೇಳಲಿಲ್ಲ. ಯಾಕೆ ಅಂತ ಕೇಳಿದೆ. ‘ನೀವು ಕೇಳಲಿಲ್ಲ’ ಅಂದಳು. ನಾನು ಅದು ಮೋಸ ಅಂತ ರೇಗಿಸಿದೆ. ಕೋನಾಮಿ ಕಂಪನಿಯ ಕಝುಹಿಸಾ ಹಷಿಮೊಟೊ ಗ್ರೇಡಿಯಸ್ ಗೇಮ್ ತಯಾರಿಸುವಾಗ ತನಗೇ ಅದು ಕಷ್ಟ ಅನ್ನಿಸಿ ಆ ಕೋಡ್ ಹಾಕಿಕೊಂಡಿದ್ದ, ತಯಾರಿಸಿದವನಿಗೆ ಇಲ್ಲದ ನಾಚಿಕೆ ನನಗ್ಯಾಕೆ ಅಂದಳು. ಇದನ್ನೆಲ್ಲಾ ಓದಿಕೊಂಡೂ ಇದ್ದಾಳೆ ನೋಡಿ.

ಇನ್ನೊಂದು ಇದೆ, ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಮುಗಿಯುವ ಗೇಮ್ ಅಂತ ಅಷ್ಟುದ್ದ ಬರೆದೆನಲ್ಲ. ನಾನು ಕಾಂಟ್ರಾ ಮುಗಿಸಿದ್ದು 2009ರಲ್ಲಿ, ಲ್ಯಾಪ್‌ಟಾಪ್‌ನಲ್ಲಿ, ಹಳೇ ಗೇಮ್ ಓಡಿಸುವ ಎಮ್ಯುಲೇಟರ್ ಹಾಕಿ, ಹತ್ತು ಹೆಜ್ಜೆಗೊಮ್ಮೆ ಸೇವ್ ಮಾಡುತ್ತಾ. ಆ ಡಬ್ಬಿಯಲ್ಲಿ ಒಮ್ಮೆಯೂ ಮುಗಿಸಿಲ್ಲ. ತಂಗಿ ಮುಗಿಸಿದ್ದಾಳೆ. ಕೊನೆಯ ಬಾಸ್ ದೊಡ್ಡ ಹೃದಯದ ಥರ ಬಡಿದುಕೊಳ್ಳುವುದು, ಅದನ್ನು ಒಡೆದ ಮೇಲೆ ಹೆಲಿಕಾಪ್ಟರ್ ಹಾರುವುದು, ಹಿಂದೆ ದ್ವೀಪ ಸಿಡಿಯುವುದು, ಎಲ್ಲಾ ಸರಿಯಾಗಿ ಹೇಳಿದಳು. ನಾವು ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ಎಲ್ಲಾ ಬಿಚ್ಚಿ ಡಬ್ಬಿಯಲ್ಲಿ ಇಟ್ಟು, ಟಿವಿ ಬಿಸಿ ಗೊತ್ತಾಗಬಾರದು ಅಂತ ಒದ್ದೆ ಬಟ್ಟೆಯಲ್ಲಿ ಹಿಂಭಾಗ ಒರೆಸುತ್ತಿದ್ದಳಂತೆ. ಶಾಕ್ ಹೊಡೆಯದೆ ಉಳಿದದ್ದೇ ಪುಣ್ಯ.

ದಸರಾಕ್ಕೆ ಬರುತ್ತಿದ್ದಾಳೆ. ಡಬ್ಬಿ ರಿಪೇರಿ ಮಾಡಿಸಿ ಇಡು ಅಂದಿದ್ದಾಳೆ. ಜಾಯ್‌ಸ್ಟಿಕ್ ವೈರ್ ನಾನೇ ಬೆಸುಗೆ ಹಾಕಿದೆ. ಎಲ್‌ಇಡಿ ಟಿವಿಗೆ ಹಳದಿ ಪಿನ್ ಹೇಗೋ ಹೊಂದಿತು. ಡಕ್ ಹಂಟ್ ಅನ್ನುವ ಬಾತುಕೋಳಿ ಬೇಟೆ ಗೇಮ್‌ನ ಬಂದೂಕು ಮಾತ್ರ ಕೆಲಸ ಮಾಡಲ್ಲ. ಅದು ಟ್ರಿಗರ್ ಒತ್ತಿದ ಕ್ಷಣಕ್ಕೆ ಸ್ಕ್ರೀನ್ ಕಪ್ಪಾಗಿ ಬಾತುಕೋಳಿ ಜಾಗದಲ್ಲಿ ಮಿಂಚುವ ಬಿಳಿ ಚೌಕ ಹಿಡಿಯುವ ಯಂತ್ರ, ಹಳೇ ದಪ್ಪ ಟಿವಿಯ ವೇಗಕ್ಕೇ ಕಟ್ಟಿದ್ದು. ಹೊಸ ಟಿವಿ ಚೂರು ತಡ ಮಾಡುತ್ತದೆ, ಗುರಿ ತಪ್ಪಿ ಗೇಮ್ ಒಳಗಿನ ನಾಯಿ ನಗುತ್ತದೆ.

ಲ್ಯಾನ್_ಅಣ್ಣ (ಬಳ್ಳಾರಿ)

ನನ್ನ ಗೋಡೌನ್‌ನಲ್ಲಿ 14 ಇಂಚಿನ ಹಳೇ ಟಿವಿ ಇದೆ. ಚಿತ್ರ ಬರುತ್ತದೆ, ಸೌಂಡ್ ಬರಲ್ಲ. ಬೇಕಾದರೆ ಕೊಡ್ತೀನಿ. ಗಂಟೆಗೆ ಇಪ್ಪತ್ತು ರೂಪಾಯಿ.

ತೀನ್‌ಕಂದೀಲ್ (ರಾಯಚೂರು)

ನಿಮ್ಮ ತಂಗಿಗೆ ನನ್ನ ಸಲಾಂ ಹೇಳಿ. ಒಂದೇ ಸಂಶಯ. ಪಿನ್ ಸಡಿಲ ಇತ್ತಲ್ಲ, ಒಬ್ಬಳೇ ಆಡುವಾಗ ಅದನ್ನು ಯಾರು ಹಿಡಿದಿದ್ದರು?

ಮೂರೇ_ಲೈಫ್ (ಬಳ್ಳಾರಿ)

ಕೇಳಿದೆ. ಮೇಲೆ ಇಸ್ತ್ರಿ ಪೆಟ್ಟಿಗೆ ಇಡುತ್ತಿದ್ದಳಂತೆ.